ಕಾಂತರಾಜುವಿನ ಕೆರಕ

ಹಾಸನದ ಹೊರಗಿನ ಗಾಲ್ಫ್ ಕ್ಲಬ್ಬಿನಲ್ಲಿ ಕಾಂತರಾಜುವನ್ನು ದಾಟದೆ ಯಾವ ಸಾಹೇಬನೂ ಒಳಗಿನ ಜಮಖಾನ ತುಳಿಯುವಂತಿಲ್ಲ. ಹಿಂಬಾಗಿಲ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಲಾಳ ಹೊಡೆಯುವವನು ಎತ್ತಿನ ಕಾಲು ಹಿಡಿದಂತೆ ಬೂಟು ಹಿಡಿದು, ಒಂದು ಕಡೆ ಬ್ರಷ್ಷು, ಇನ್ನೊಂದು ಕಡೆ ಕೊಕ್ಕೆ ಇರುವ ಅಂಗೈಯುದ್ದದ ಉಪಕರಣದಿಂದ ಅಡಿಯ ಮೊಳೆಗಳ ಸಂದಿಯ ಮಣ್ಣು ಕೆರೆಯುತ್ತಾನೆ. ಬೇರೆಯವರಿಗೆ ಅದು ಶೂ ಕ್ಲೀನರ್, ಅವನಿಗೆ 'ಕೆರಕ'. ಉದುರಿದ ಮಣ್ಣನ್ನು ಮೂಸಿ, ಪಂಚಾಂಗ ಓದುವವನಂತೆ ಸಾರುವುದು ಅವನ ಚಾಳಿ: "ಮೂರನೇ ಗುಣಿ ಕೆಮ್ಮಣ್ಣು ಸಾ, ಚೆಂಡು ಬೇಲಿಗೆ ಓಗಿತ್ತಾ?" ಆ ಮೂಗಿಗೆ ವಕೀಲರೂ ಹೆದರುತ್ತಾರೆ. ಇಡೀ ಮೈದಾನ ಹಿಂದೆ ಕಾಂತರಾಜುವಿನ ಮನೆಯವರ ಆಲೂಗಡ್ಡೆ ಹೊಲವಲ್ಲವೇ! ತೊಂಬತ್ತೆಂಟರ ಕಪ್ ಪಂದ್ಯದ ದಿನ, ಚೆಂಡು ಕೊಳಕ್ಕೆ ಬಿದ್ದರೆ ಒಂದು ಹೊಡೆತ ದಂಡವಿದ್ದಾಗ, ಕಾರ್ಯದರ್ಶಿ ಸಂಪತ್ಕುಮಾರ್ "ನಾನು ಕೊಳದ ಹತ್ತಿರವೇ ಹೋಗಿಲ್ಲ" ಎಂದು ಆಣೆಯಿಟ್ಟು ಗೆದ್ದು ಬಂದರು. ಸೋತವನು ಮೆಟ್ಟಿಲ ಬಳಿಯೇ ಕಾದು ನಿಂತಿದ್ದ. ಸಂಪತ್ಕುಮಾರರ ಬೂಟು ಕೆರೆಯುವಾಗ ಕೊಕ್ಕೆಗೆ ಕಪ್ಪು ಜೇಡಿಮಣ್ಣು ಸಿಕ್ಕಿತು. ಕಾಂತರಾಜುವಿನ ಕೈ ನಿಂತಿತು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಸುತ್ತಲಿದ್ದವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಕೆರಕವನ್ನು ಪಕ್ಕಕ್ಕಿಟ್ಟು, ಉಳಿದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ ತನ್ನ ಹೆಗಲ ಟವಲಿಗೆ ಹಾಕಿಕೊಳ್ಳತೊಡಗಿದ. "ಬೇಗ ಕೆರಿಯಯ್ಯಾ, ಯಾವ ಮಣ್ಣಾದ್ರೇನು?" ಎಂದು ಸಂಪತ್ಕುಮಾರ್ ಗದರಿದರು. ಕಾಂತರಾಜು ತಲೆಯೆತ್ತಲಿಲ್ಲ. "ಕೊಳದ ದಡದ್ದು ಸಾ. ಇದಕ್ಕೆ ಕೆರಕ ಆಕಕ್ಕಾಗಕಿಲ್ಲ. ನಮ್ಮಪ್ಪನ್ನ ಅಲ್ಲೇ ಮಣ್ಣು ಮಾಡಿದ್ದು."