ಕೆರಾಡಿಯ ಅಜ್ಜಿ ಕಟ್ಟಿದ ಕಪ್ಪು ದನ

ಮದ್ರಾಸಿನಲ್ಲಿ ದನದ ಡಾಕ್ಟರಿಕೆ ಓದುತ್ತಿದ್ದಾಗ, ನಮ್ಮೂರು ತಲ್ಲೂರಿನಲ್ಲಿ ನನ್ನಷ್ಟು ಬುದ್ಧಿವಂತ ಇನ್ನೊಬ್ಬನಿಲ್ಲ ಎಂಬುದು ನನ್ನ ಸ್ವಂತ ಅಭಿಪ್ರಾಯ. ಬೇರೆಯವರನ್ನು ಕೇಳಿರಲಿಲ್ಲ. ಆ ರಜೆಯಲ್ಲಿ ಕುಂದಾಪುರದ ದನದ ಆಸ್ಪತ್ರೆಯ ಡಾಕ್ಟರ ಎದುರು ಒಂದು ದನವನ್ನು ಪರೀಕ್ಷೆ ಮಾಡಿ ತೋರಿಸಿ, ಕಾಲೇಜು ಕೊಟ್ಟ ಪುಸ್ತಕಕ್ಕೆ ಅವರ ಸಹಿ ತರಬೇಕಿತ್ತು. ಸಹಿ ಇಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ, ಒಂದು ವರ್ಷ ಗೋವಿಂದ!

ಡಾಕ್ಟರು ಆರಿಸಿದ್ದು ಕೆರಾಡಿಯ ಅಜ್ಜಿಯೊಬ್ಬರ ಮೇವು ಬಿಟ್ಟ ದನವನ್ನು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು. ಏರು ಬಂದಲ್ಲೆಲ್ಲ ಇಳಿದು ತಳ್ಳಿ, ಉಳಿದ ದಾರಿ ನಡೆದು, ಮುಖಕ್ಕೆ ಮಸಿ ಮೆತ್ತಿಕೊಂಡು ಮುಟ್ಟಿದೆವು. ಡಾಕ್ಟರು ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋದರು. ನಾನು ಒರೆಸಿದ ಥರ್ಮಾಮೀಟರನ್ನೇ ಮತ್ತೆ ಮತ್ತೆ ಒರೆಸುವುದನ್ನು ಅಜ್ಜಿ ಕಂಡರು.

"ಎಂತ ಮಾಣಿ, ಹೆದ್ರಿಕೆಯಾ?"

"ಹೌದು ಅಜ್ಜಿ, ಇವತ್ತ್ ತಪ್ರೆ ಒಂದ್ ವರ್ಷ ಹೋಯ್ತ್."

"ಹಂಗಾರೆ ಒಂದ್ ಗಳ್ಗಿ ತಡಿ" ಎಂದು ಹಟ್ಟಿಗೆ ಹೋಗಿ, ಒಂದು ಕಪ್ಪು ದನವನ್ನು ಅಂಗಳಕ್ಕೆ ತಂದು ಕಟ್ಟಿದರು.

ಎಂಥ ಸಾಧು ದನ! ಡಾಕ್ಟರು ಬಂದು ಪುಸ್ತಕ ಬಿಡಿಸಿ ನಿಂತರು. ಬಾಲ ಎತ್ತಿ ಥರ್ಮಾಮೀಟರು ಇಟ್ಟೆ, ನಾಡಿ ಎಣಿಸಿದೆ, ಎಡ ಪಕ್ಕೆಗೆ ಮುಷ್ಟಿ ಒತ್ತಿ ಹೊಟ್ಟೆಯ ಚಲನೆ ನೋಡಿದೆ. ಎಲ್ಲ ಸರಿ. ದನ ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿತ್ತು. ಮದ್ರಾಸಿನಲ್ಲಿ ಓದಿದವನು ಏನೂ ಇಲ್ಲ ಅನ್ನುವುದು ಹೇಗೆ?

"ಅಜೀರ್ಣ," ಎಂದೆ, "ಸ್ವಲ್ಪ ಹಳೆಯದು."

ಅಷ್ಟರಲ್ಲಿ ಹಟ್ಟಿಯೊಳಗಿಂದ ಇನ್ನೊಂದು ದನ ನರಳಿತು. ಡಾಕ್ಟರು ಅಜ್ಜಿಯ ಮುಖ ನೋಡಿದರು.

"ಸೀಕಿನ್ ದನ ಒಳ್ಗ್ ಇತ್ತ್ ಡಾಕ್ಟ್ರೇ. ಅದ್ ಒದಿತ್ತ್. ಪಾಪದ್ ಮಾಣಿ ಫೇಲಾತ ಅಂದೇಳಿ ಇದನ್ನ್ ಕಟ್ದೆ. ಇದ್ಕೆ ಎಂತ ಇಲ್ಲೆ."

ಅಯ್ಯೋ, ಭೂಮಿ ಬಾಯಿ ಬಿಡಬಾರದೇ! ಡಾಕ್ಟರು ನಗಲಿಲ್ಲ. ಪುಸ್ತಕ ಮಡಚಿ ಕಂಕುಳಲ್ಲಿಟ್ಟುಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

"ತಪ್ಪ್ ನಂದ್," ಎಂದರು ಅಜ್ಜಿ. "ಇನ್ನೊಂದ್ ಸಲ ಕಾಣ್ಲಿ."

"ಹೋಗು," ಎಂದರು ಡಾಕ್ಟರು. "ಕಂಡದ್ದನ್ನು ಮಾತ್ರ ಹೇಳು."

ಹಟ್ಟಿಯೊಳಗೆ ಮೊದಲನೇ ಒದೆ ಮೊಣಕಾಲಿಗೆ, ಎರಡನೆಯದೂ ಅಲ್ಲಿಗೇ. ಮೂರನೆಯದು ಬೀಳುವ ಮೊದಲು ಕೈಗೆ ಕೆಚ್ಚಲು ಸಿಕ್ಕಿತು. ಬಿಸಿಯಾಗಿ, ಗಟ್ಟಿಯಾಗಿ ಇತ್ತು.

"ಕೆಚ್ಚಲು ಬಾತಿದೆ. ಹೊಟ್ಟೆ ಮುಟ್ಟಲು ಬಿಡುತ್ತಿಲ್ಲ, ಅದರ ಸಂಗತಿ ನನಗೆ ಗೊತ್ತಿಲ್ಲ" ಎಂದೆ. ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಡಾಕ್ಟರು ಪುಸ್ತಕವನ್ನು ಹಟ್ಟಿಯ ಕಂಬಕ್ಕೆ ಒತ್ತಿ ಸಹಿ ಹಾಕಿದರು.

ಡಾಕ್ಟರು ಆ ದನಕ್ಕೆ ಮದ್ದು ಕೊಟ್ಟ ಮೇಲೆ, ಹೊರಡುವಾಗ ಅಜ್ಜಿ ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿದರು. ಕುಂಟುತ್ತ ಗದ್ದೆಯಂಚಿಗೆ ಬಂದಿದ್ದೆ, ಹಿಂದಿನಿಂದ ಕೂಗಿದರು.

"ಹ್ವಾಯ್ ಡಾಕ್ಟ್ರೇ! ಕಪ್ಪ್ ದನದ್ ಅಜೀರ್ಣಕ್ಕೆ ಮದ್ದ್ ಯಾವತ್ತ್ ಕೊಡುದ್?"

ಮುಂದೆ ನಡೆಯುತ್ತಿದ್ದ ಡಾಕ್ಟರು ತಿರುಗಿ ನೋಡಲೇ ಇಲ್ಲ. ಕರೆದದ್ದು ನನ್ನನ್ನು. ಹಾಗೆ ಕರೆದವರಲ್ಲಿ ಆ ಅಜ್ಜಿಯೇ ಮೊದಲು.