ಶಹಲಾಳ ಹಳೆಯ ರೂಟರ್

ಜುಲೈಕಾಳಿಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದು ಬರೆದರೆ ದೇವರು ಮೆಚ್ಚುವುದಿಲ್ಲ. ಇತ್ತು, ಧಾರಾಳವಾಗಿ ಇತ್ತು. ಮೂಡಬಿದ್ರೆಯ ತವರಿನಲ್ಲಿ ಹಬ್ಬಕ್ಕೆ ತಂಗಿಗೆ ಹಸಿರು ಬಟ್ಟೆ ತಂದರೆ ತನ್ನ ಕೆಂಪು ಬಟ್ಟೆಯ ಮೇಲೆ ಮುನಿಸು. ಮದುವೆಯಾಗಿ ನರಿಕೊಂಬಿಗೆ ಬಂದ ಮೇಲೆ, ನೆರೆಮನೆಯ ಬಾವಿ ಬೇಸಗೆಯಲ್ಲೂ ಬತ್ತುವುದಿಲ್ಲವಲ್ಲ ಎಂದು ಆ ಬಾವಿಯ ಮೇಲೆಯೇ ಮುನಿಸು. ಆದರೆ ಒಂದು ಮಾತು ಹೇಳಬೇಕು. ಅವಳ ಕಿಚ್ಚಿನಿಂದ ಯಾರ ಮನೆಯೂ ಸುಡಲಿಲ್ಲ, ಸುಟ್ಟದ್ದು ಅವಳ ಹೊಟ್ಟೆ ಮಾತ್ರ. ನೆರೆಯವರಿಗೆ ಹುಷಾರಿಲ್ಲವೆಂದರೆ ಮೊದಲು ಗಂಜಿ ತೆಗೆದುಕೊಂಡು ಓಡುವವಳೂ ಅವಳೇ. ಗಂಜಿ ಕೊಟ್ಟು ಬರುವಾಗ ಅವರ ಮನೆಯ ಹೊಸ ಪರದೆ ನೋಡಿ ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದಳು, ಅಷ್ಟೇ.

ಗಂಡ ಉಮ್ಮರ್ ದಮ್ಮಾಮಿನಲ್ಲಿ ಪೈಪುಗಳ ಗೋದಾಮು ನೋಡಿಕೊಳ್ಳುವವನು. ಒಳ್ಳೆಯ ಮನುಷ್ಯ. ಸಿಡುಕಿಲ್ಲ, ದುಂದುಗಾರಿಕೆಯಿಲ್ಲ, ಆದರೆ ಮಾತೂ ಇಲ್ಲ. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ, ಚಾವಡಿಯಲ್ಲಿ ಕೂತು 'ಹೂಂ, ಮತ್ತೆ?' ಎನ್ನುತ್ತಿದ್ದ, ರಜೆ ಮುಗಿದಾಗ ಹೊರಟು ಹೋಗುತ್ತಿದ್ದ. ಅತ್ತೆ ಸೈನಬರ ಕಾಲುನೋವು, ಮಡಿಲಲ್ಲಿ ಬೀಡಿ ಎಲೆ, ಅಂಗಳದ ಕೆಲಸ, ಬಂದುಹೋಗುವವರ ಜೊತೆ ಒಂದಿಷ್ಟು ಜಗಳ, ಇಷ್ಟರಲ್ಲಿ ಜುಲೈಕಾಳ ದಿನ ತುಂಬುತ್ತಿತ್ತು. ಗಂಡ ಮಾತಾಡದವನು ಎಂಬುದು ಅವಳಿಗೆ ದುಃಖವೇ ಆಗಿರಲಿಲ್ಲ. ಮೂಗು ದಪ್ಪ ಇದ್ದ ಹಾಗೆ, ಅದು ಹುಟ್ಟಿನಿಂದ ಬಂದದ್ದು ಎಂದುಕೊಂಡಿದ್ದಳು.

ಮಾವ ತೀರಿಹೋದ ಮೇಲೆ ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡರು. ಗೋಡೆ ಆಳೆತ್ತರಕ್ಕಿಂತ ಮೇಲೆ ಹೋಯಿತು, ಆದರೆ ಮಾಡಿನ ಹಂಚಿಗೆ ಮುಟ್ಟಲಿಲ್ಲ. ಗಾಳಿಯಾಡಲಿ ಎಂದು ಮೇಸ್ತ್ರಿ ಹಾಗೇ ಬಿಟ್ಟಿದ್ದ. ಗಾಳಿಯೊಂದೇ ಆಡಿದರೆ ತೊಂದರೆಯಿರಲಿಲ್ಲ. ಈಚೆಯ ಒಗ್ಗರಣೆ ಆಚೆಗೆ, ಆಚೆಯ ಮಾತು ಈಚೆಗೆ ದಿನವಿಡೀ ದಾಟುತ್ತಲೇ ಇತ್ತು. ಆಚೆ ಇದ್ದವಳು ಶಹಲಾ, ಮೈದುನ ರಿಝ್ವಾನನ ಹೆಂಡತಿ. ಮೆಲ್ಕಾರಿನಲ್ಲಿ ಪಿಯುಸಿ ಓದಿದವಳು, ಬಾಯಿ ಮುಚ್ಚಲು ಗೊತ್ತಿಲ್ಲದವಳು. ರಿಝ್ವಾನ್ ಶಾರ್ಜಾದಲ್ಲಿದ್ದ.

ಈ ಶಹಲಾಳ ಮನೆಗೆ ಬ್ರಾಡ್‌ಬ್ಯಾಂಡ್ ಬಂತು, ಜೊತೆಗೆ ಕಂಪ್ಯೂಟರ್ ಬಂತು, ಅದರ ತಲೆಯ ಮೇಲೆ ಸಣ್ಣದೊಂದು ಕ್ಯಾಮೆರಾ ಬಂತು. ಅಲ್ಲಿಂದ ಜುಲೈಕಾಳ ನೆಮ್ಮದಿಗೆ ಕಲ್ಲು ಬಿತ್ತು. ಶುಕ್ರವಾರ ರಜೆಯ ದಿನ ಉಮ್ಮರ್ ಕೂಡ ಗೆಳೆಯನ ರೂಮಿನ ಕಂಪ್ಯೂಟರಿನಲ್ಲಿ ಕೂತು ಶಹಲಾಳ ಕಂಪ್ಯೂಟರಿಗೇ ಮಾತಾಡುತ್ತಿದ್ದ. ತನ್ನ ಗಂಡನ ಮುಖ ನೋಡಲು ಜುಲೈಕಾ ತಲೆವಸ್ತ್ರಕ್ಕೆ ಪಿನ್ನು ಚುಚ್ಚಿಕೊಂಡು, ಅತ್ತೆಯ ಕೈಹಿಡಿದುಕೊಂಡು, ಅಂಗಳ ಬಳಸಿ ಆಚೆ ಮನೆಗೆ ಹೋಗಬೇಕು. ಹೋಗುವಷ್ಟರಲ್ಲಿ ಶಹಲಾ ಅಲ್ಲಿ ಕೂತು ಮಾತಾಡುತ್ತಿರುತ್ತಿದ್ದಳು. ಉಮ್ಮರ್ ನಗುತ್ತಿರುತ್ತಿದ್ದ. ಹಲ್ಲು ಕಾಣುವ ಹಾಗೆ, ಭುಜ ಕುಲುಕುವ ಹಾಗೆ ನಗುತ್ತಿರುತ್ತಿದ್ದ. ಹದಿಮೂರು ವರ್ಷದ ಸಂಸಾರದಲ್ಲಿ ಆ ನಗುವನ್ನು ಜುಲೈಕಾ ನೋಡಿರಲಿಲ್ಲ.

'ಅಕ್ಕ ಬಂದ್ರು, ಕಾಕಾ' ಎಂದು ಗಂಡನ ಅಣ್ಣನಿಗೆ ಹೇಳಿ ಶಹಲಾ ಎದ್ದು ಕುರ್ಚಿ ಬಿಡುತ್ತಿದ್ದಳು. ಜುಲೈಕಾ ಕೂರುತ್ತಿದ್ದಳು. ನಗು ಅಷ್ಟರಲ್ಲಿ ಮಡಚಿ ಒಳಗೆ ಹೋಗಿರುತ್ತಿತ್ತು.

'ಹೂಂ, ಮತ್ತೆ?' ಎನ್ನುತ್ತಿದ್ದ ಉಮ್ಮರ್.

'ಎಂತ ಇಲ್ಲ. ಉಮ್ಮನ ಕಾಲುನೋವಿನ ಮಾತ್ರೆ ಮುಗಿದಿದೆ.'

'ತರಿಸು.'

ಇನ್ನೂ ಒಂದು ಸಂಗತಿ ಅವಳ ಎದೆಗೆ ನಾಟಿತ್ತು. ಶಹಲಾಳ ಸ್ವರ ಎಂದರೆ ಮೆಲ್ಕಾರಿನ ಬಸ್ಸಿಗೂ ಕೇಳುವಂಥದ್ದು. ರಿಝ್ವಾನನ ಜೊತೆ ಅವಳು ಆಡುವ ಜಗಳ, ಮುದ್ದು ಎಲ್ಲವೂ ಗೋಡೆ ದಾಟಿ ಬರುತ್ತಿತ್ತು, ಅವಳಿಗೆ ನಾಚಿಕೆಯೇ ಇರಲಿಲ್ಲ. ಉಮ್ಮರನ ಜೊತೆ ಮಾತಾಡುವಾಗ ಮಾತ್ರ ಆ ಸ್ವರ ತಗ್ಗುತ್ತಿತ್ತು. ಈಚೆ ಗೋಡೆಗೆ ಕಿವಿ ಕೊಟ್ಟು ನಿಂತ ಜುಲೈಕಾಳಿಗೆ ಪಿಸಪಿಸ ಬಿಟ್ಟು ಏನೂ ಸಿಗುತ್ತಿರಲಿಲ್ಲ. ಆಮೇಲೆ ಗಂಡನ ನಗು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಕೆಟ್ಟ ಅರ್ಥದ ಸಂಶಯ ಅವಳಿಗಿರಲಿಲ್ಲ. ಇಬ್ಬರೂ ಅಂಥವರಲ್ಲ ಎಂದು ಗೊತ್ತಿತ್ತು. ಸಂಶಯವಾದರೂ ಇದ್ದಿದ್ದರೆ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಅವಳಿಗೆ ಬೇಕಾದದ್ದು ಆ ನಗು. ಅದು ತನ್ನ ಮನೆಯಲ್ಲಿ, ತನ್ನ ಮುಂದೆ, ತನಗಾಗಿ ಬರಬೇಕು. ಹೆಂಡತಿ ಪರರ ಮನೆಯ ಕುರ್ಚಿಯಲ್ಲಿ ಕೂತರೆ ಯಾವ ಗಂಡಸು ತಾನೇ ನಗುತ್ತಾನೆ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಳು. ತನ್ನದೇ ಲೈನು ಬೇಕು.

ಊರಿಗೆ ಬರುವವರೊಬ್ಬರ ಕೈಯಲ್ಲಿ ಉಮ್ಮರ್ ಲ್ಯಾಪ್‌ಟಾಪ್ ಕಳಿಸಿದ. ಮಾವನ ಕಾಲದ ಟೆಲಿಫೋನ್ ಮನೆಯಲ್ಲಿತ್ತು, ಅದಕ್ಕೇ ಬ್ರಾಡ್‌ಬ್ಯಾಂಡ್ ಕೊಡುತ್ತಾರಂತೆ. ಬೇಕಾದದ್ದು ಒಂದು ರೂಟರ್. ಅದು ಗೊತ್ತಾದ ಕೂಡಲೇ ಶಹಲಾ ಬಂದು ಹೇಳಿದಳು, 'ಯಾಕೆ ಅಕ್ಕಾ ಸುಮ್ಮನೆ? ನಮ್ಮದೇ ಗಾಳಿಯಲ್ಲಿ ನಿಮ್ಮ ಕೋಣೆವರೆಗೆ ಬರ್ತದೆ. ಪಾಸ್‌ವರ್ಡ್ ಹೇಳ್ತೇನೆ, ಹಾಕಿಕೊಳ್ಳಿ.'

'ಬೇಡ. ನಮಗೆ ನಮ್ಮದು ಇರಲಿ' ಎಂದಳು ಜುಲೈಕಾ.

'ಹಾಗಾದ್ರೆ ನಮ್ಮ ಹಳೇ ರೂಟರ್ ಆದ್ರೂ ತೆಗೊಳ್ಳಿ. ಇವರು ಈ ಸಲ ಎರಡು ಕೊಂಬಿನದ್ದು ಹೊಸತು ತಂದಿದ್ದಾರೆ. ಹಳೇದು ಮೂಲೆಯಲ್ಲಿ ಬಿದ್ದುಕೊಂಡುಂಟು.'

ಬೇಡ ಎನ್ನುವ ಮೊದಲೇ ಅತ್ತೆ ಸೈನಬ 'ಕೊಡು ಮಗಳೇ' ಎಂದುಬಿಟ್ಟರು. ಬಿಸ್ಕತ್ತಿನ ಡಬ್ಬಿಯಲ್ಲಿ ವಯರು ಸುತ್ತಿಕೊಂಡು ರೂಟರ್ ಈಚೆಗೆ ಬಂತು. ಬಿಳಿ ಬಣ್ಣ ಹಳದಿಗೆ ತಿರುಗಿತ್ತು. ಯಾರ ಮೇಲೆ ಹೊಟ್ಟೆ ಉರಿಯುತ್ತದೋ ಅವಳು ಬಿಟ್ಟ ಸಾಮಾನನ್ನೇ ಮನೆಯಲ್ಲಿ ಇಟ್ಟುಕೊಳ್ಳುವ ಗತಿ ಬಂತಲ್ಲ ಎಂದು ಜುಲೈಕಾಳ ಮೈ ಉರಿಯಿತು. ಆ ಋಣ ಮೈಮೇಲೆ ಇರಬಾರದೆಂದು ಮರುದಿನವೇ ಗುಳಿಅಪ್ಪ ಸುಟ್ಟು, ಅದೇ ಡಬ್ಬಿಯಲ್ಲಿ ತುಂಬಿ ವಾಪಸು ಕಳಿಸಿದಳು. ಶಹಲಾ ಅಷ್ಟನ್ನೂ ತಿಂದು, 'ಅಕ್ಕಾ, ಇನ್ನೊಂದು ರೂಟರ್ ಕೊಡ್ಲಾ?' ಎಂದು ಗೋಡೆಯಾಚೆಯಿಂದ ಕೇಳಿದಳು.

ಲೈನ್‌ಮ್ಯಾನ್ ಮಾಯಿಲಪ್ಪ ಬಂದು ಎಲ್ಲ ಜೋಡಿಸಿದ. ಟೆಲಿಫೋನಿನ ವಯರಿಗೆ ಸಣ್ಣ ಡಬ್ಬಿಯೊಂದನ್ನು ಸಿಕ್ಕಿಸಿ, ಒಂದು ತುದಿಯನ್ನು ಫೋನಿಗೆ, ಇನ್ನೊಂದನ್ನು ರೂಟರಿಗೆ ಕೊಟ್ಟ. ಲ್ಯಾಪ್‌ಟಾಪಿನಲ್ಲಿ ಏನೇನೋ ಒತ್ತಿದ. 'ಒಂದು ಪಾಸ್‌ವರ್ಡ್ ಹಾಕಿ ಅಕ್ಕಾ, ನಾನು ನೋಡುವುದಿಲ್ಲ' ಎಂದು ಮುಖ ತಿರುಗಿಸಿದ. ಹಸಿರು ದೀಪಗಳು ಒಂದೊಂದಾಗಿ ಹತ್ತಿದವು. ಜುಲೈಕಾಳ ಎದೆ ಅರಳಿತು. ಅಷ್ಟರಲ್ಲಿ ಮಾಯಿಲಪ್ಪ ಪರದೆ ತೋರಿಸಿ, 'ಇಕೊಳ್ಳಿ, ಈ ಹೆಸರನ್ನು ಒತ್ತಿದ್ರೆ ಕನೆಕ್ಷನ್ ಆಗ್ತದೆ' ಎಂದ.

ಹೆಸರು ಇಂಗ್ಲಿಷಿನಲ್ಲಿತ್ತು. ಜುಲೈಕಾ ಅಕ್ಷರ ಕೂಡಿಸಿ ಓದಿದಳು. ಶಹಲಾ ರಿಝ್ವಾನ್.

ಹಳೆಯ ರೂಟರ್ ಹಳೆಯ ಹೆಸರನ್ನೇ ಹೇಳುತ್ತಿತ್ತು. ಜುಲೈಕಾಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅವಳು ಬೆಳೆದ ಕ್ರಮದಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಪಡಿತರದ ಅಂಗಡಿಯವನು ಕೇಳಿದರೂ ಅತ್ತೆಯ ಕಡೆ ನೋಡುತ್ತಿದ್ದಳೇ ಹೊರತು ಉಮ್ಮರ್ ಎಂಬ ಮೂರಕ್ಷರ ಅವಳ ಬಾಯಿಂದ ಬಂದದ್ದಿಲ್ಲ. ಇವಳೋ, ಗಂಡನ ಹೆಸರನ್ನು ತನ್ನ ಹೆಸರಿಗೆ ಅಂಟಿಸಿ ಊರ ಗಾಳಿಗೆ ಬಿಟ್ಟಿದ್ದಾಳೆ. ಅದು ಈಗ ತನ್ನ ಮಲಗುವ ಕೋಣೆಯವರೆಗೆ ಬಂದು ಕೂತಿದೆ. ಬಿಂಕ ಅಂದರೆ ಇದು. ಒಳಗೊಳಗೇ ಇನ್ನೊಂದು ಮಾತೂ ಚುಚ್ಚಿತು. ತನಗೆ ಹಾಗೆ ಬರೆಯುವ ಧೈರ್ಯವಿಲ್ಲವಲ್ಲ.

'ಈ ಹೆಸರು ಹೋಗಬೇಕಾದ್ರೆ ಎಂತ ಮಾಡಬೇಕು ಮಾಯಿಲಪ್ಪಣ್ಣ?'

'ಹೆಸರು ಎಂತ ಇದ್ರೆ ಎಂತ, ಲೈನು ನಿಮ್ಮದೇ. ಇನ್ನೊಮ್ಮೆ ಬಂದಾಗ ಬದಲಾಯಿಸಿ ಕೊಡ್ತೇನೆ. ಹಿಂದೆ ಒಂದು ತೂತು ಉಂಟು ನೋಡಿ, ಅದಕ್ಕೆ ಮಾತ್ರ ಯಾರೂ ಕಡ್ಡಿ ಹಾಕದ ಹಾಗೆ ನೋಡಿಕೊಳ್ಳಿ. ಒತ್ತಿ ಹಿಡಿದ್ರೆ ಇದ್ದದ್ದೆಲ್ಲ ಅಳಿಸಿ ಹೋಗ್ತದೆ.'

ಮಾಯಿಲಪ್ಪ ಎಚ್ಚರಿಕೆ ಹೇಳಿದ್ದು. ಜುಲೈಕಾ ಅದನ್ನು ಔಷಧಿ ಎಂದು ಕೇಳಿಸಿಕೊಂಡಳು.

ಗುರುವಾರ ಸಂಜೆ, ಅತ್ತೆ ನಮಾಜಿಗೆ ನಿಂತ ಹೊತ್ತು ನೋಡಿ, ತಲೆವಸ್ತ್ರದ ಪಿನ್ನು ತೆಗೆದು ಆ ತೂತಿಗೆ ಚುಚ್ಚಿ ಒತ್ತಿ ಹಿಡಿದಳು. ದೀಪಗಳೆಲ್ಲ ಒಮ್ಮೆ ಆರಿ ಮತ್ತೆ ಹತ್ತಿದವು. ಪರದೆಯ ಮೇಲೆ ಶಹಲಾ ರಿಝ್ವಾನ್ ಮಾಯವಾಗಿ, ಓದಲೂ ಬಾರದ ಯಾವುದೋ ಕಂಪೆನಿಯ ಹೆಸರು ಬಂತು. ಆಗ ಅವಳಿಗಾದ ಸಂತೋಷಕ್ಕೆ ಎಣೆಯಿಲ್ಲ. ಆ ಸಂತೋಷ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಇತ್ತು. ಆಮೇಲೆ ನೋಡಿದರೆ ಹೆಸರಿನ ಜೊತೆ ಇಂಟರ್ನೆಟ್ಟೂ ಹೋಗಿತ್ತು. ಮಾಯಿಲಪ್ಪನಿಗೆ ಫೋನ್ ಮಾಡಿದರೆ ಅವನು ಬೆಳ್ತಂಗಡಿಯಲ್ಲಿ ಅಕ್ಕನ ಮಗಳ ಮದುವೆಯಲ್ಲಿದ್ದ, ಸೋಮವಾರ ಬರುತ್ತೇನೆಂದ. ನಾಳೆ ಶುಕ್ರವಾರ. ಮೊದಲ ಸಲ ತನ್ನ ಮನೆಯ ಲ್ಯಾಪ್‌ಟಾಪಿನಲ್ಲಿ ಗಂಡ ಬರಬೇಕಾದ ದಿನ.

ಆ ಸೆಟ್ಟಿಂಗ್ ಎಲ್ಲ ಗೊತ್ತಿದ್ದವರು ಹತ್ತಿರದಲ್ಲಿ ಒಬ್ಬರೇ. ಜುಲೈಕಾ ಬಹಳ ಹೊತ್ತು ಅಂಗಳದಲ್ಲಿ ನಿಂತಳು. ಶಹಲಾಳ ಕುರ್ಚಿಗೆ ಮತ್ತೆ ಹೋಗಿ ಕೂರುವುದೋ, ಶಹಲಾಳನ್ನು ಕರೆದು ಮರ್ಯಾದೆ ಕಳೆದುಕೊಳ್ಳುವುದೋ. ಕೊನೆಗೆ ಮರ್ಯಾದೆ ಕಳೆದುಕೊಳ್ಳುವುದೇ ಹಗುರ ಎಂದು ಕಂಡಿತು.

ಶಹಲಾ ಬಂದಳು, ರೂಟರಿನ ಕೆಳಗೆ ಬಿದ್ದಿದ್ದ ಪಿನ್ನು ನೋಡಿದಳು, ಜುಲೈಕಾಳ ಮುಖ ನೋಡಿದಳು. ಎಲ್ಲವೂ ಅವಳಿಗೆ ಗೊತ್ತಾಯಿತು. 'ನನ್ನ ಹೆಸರು ಅಷ್ಟು ಉರಿಯಿತಾ ಅಕ್ಕಾ?' ಎಂದು ನೆಲದಲ್ಲಿ ಕೂತು ಕಣ್ಣೀರು ಬರುವಷ್ಟು ನಕ್ಕಳು. ನಕ್ಕು ಮುಗಿಸಿ ಶಹಲಾ ಲ್ಯಾಪ್‌ಟಾಪಿಗೆ ವಯರು ಸಿಕ್ಕಿಸಿ, ಟೆಲಿಫೋನ್ ನಂಬರು ಹಾಕಿ ಕೇಳಿದಳು.

'ಪಾಸ್‌ವರ್ಡ್ ಎಂತ ಇಟ್ಟಿದ್ದೀರಿ? ಹೇಳಿ.'

ಅದು ಜುಲೈಕಾ ಬಾಯಿಬಿಟ್ಟು ಹೇಳುವ ಹೆಸರಾಗಿರಲಿಲ್ಲ. ಕೆಂಪಾದಳು. 'ನೀನು ಆ ಕಡೆ ತಿರುಗು' ಎಂದು ತಾನೇ ಬಗ್ಗಿ, ಹುಡುಕಿ ಹುಡುಕಿ ಒಂದೊಂದೇ ಅಕ್ಷರ ಒತ್ತಿದಳು. ಶಹಲಾ ತಿರುಗಿದಳು, ಆದರೆ ಅವಳಿಗೆ ಅದೂ ಗೊತ್ತಾಯಿತು. ರೂಟರ್ ಗಾಳಿಗೆ ಬಿಡುವ ಹೆಸರಿನ ಜಾಗದಲ್ಲಿ ಕೇಳದೆಯೇ ಜುಲೈಕಾ ಎಂದು ಬರೆದು, ದೀಪ ಹತ್ತಿಸಿ ಎದ್ದು ಹೋದಳು.

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಕಳೆದ ಮೇಲೆ ಉಮ್ಮರ್ ಪರದೆಗೆ ಬಂದ. ಜುಲೈಕಾಳ ಸ್ವಂತ ಮನೆಯಲ್ಲಿ, ಅವಳದೇ ಮೇಜಿನ ಮೇಲೆ ಬಂದ. ತಾಯಿಯ ಕಾಲುನೋವು ವಿಚಾರಿಸಿದ. ಸೈನಬ ಮಗನನ್ನು ಕಣ್ತುಂಬ ನೋಡಿ, ಸೊಸೆಗೆ ಜಾಗ ಬಿಟ್ಟು ಒಳಗೆ ಹೋದರು. ಜುಲೈಕಾ ಹೊಸ ತಲೆವಸ್ತ್ರ ಸರಿಮಾಡಿಕೊಂಡು ಕೂತಳು.

'ಹೂಂ, ಮತ್ತೆ?' ಎಂದ ಉಮ್ಮರ್.

'ಎಂತ ಇಲ್ಲ. ಗ್ಯಾಸ್ ಮುಗಿದಿದೆ.'

'ಹೇಳಿ ತರಿಸು.'

ಪರರ ಮನೆಯೂ ಅಲ್ಲ, ಪರರ ಕುರ್ಚಿಯೂ ಅಲ್ಲ, ಆದರೂ ಅದೇ ಎರಡು ಮಾತು. ಉಮ್ಮರ್ ಅವಳ ಭುಜದ ಹಿಂದೆ ಏನನ್ನೋ ಹುಡುಕುವವನ ಹಾಗೆ ನೋಡಿದ. 'ಶಹಲಾ ಇಲ್ಲವಾ ಅಲ್ಲಿ?' ಎಂದ.

ಇಷ್ಟು ದಿನ ಕಟ್ಟಿಟ್ಟದ್ದು ಒಡೆಯಿತು. 'ಅವಳು ಯಾಕೆ ನಿಮಗೆ?' ಎಂದಳು ಜುಲೈಕಾ. 'ಇದು ನನ್ನ ಮನೆ. ನನ್ನ ಲೈನು. ಅವಳ ಹತ್ತಿರ ಅಷ್ಟು ನಗ್ತೀರಿ, ನಾನು ಕೂತ ಕೂಡಲೇ ಆ ನಗು ಎಲ್ಲಿಗೆ ಹೋಗ್ತದೆ? ಸ್ವರ ಇಳಿಸಿ ಅವಳು ಹೇಳುವುದಾದರೂ ಎಂತ? ನನಗೆ ಹೊಟ್ಟೆ ಉರೀತದೆ. ಗೊತ್ತುಂಟಾ ನಿಮಗೆ?'

ಉಮ್ಮರ್ ಅಲುಗಾಡಲಿಲ್ಲ. ಲೈನೇ ಹೋಯಿತೋ ಎಂದು ಅವಳು ರೂಟರಿನ ಕಡೆ ನೋಡಿದಳು. ದೀಪ ಉರಿಯುತ್ತಿತ್ತು.

'ನಿನ್ನ ವಿಷಯ' ಎಂದ ಉಮ್ಮರ್. 'ಅವಳು ಹೇಳುವುದೆಲ್ಲ ನಿನ್ನ ವಿಷಯವೇ ಮಾರಾಯ್ತಿ. ವೋಟು ಕೇಳಲಿಕ್ಕೆ ಬಂದವರ ಕೈಗೆ ಕೊಕ್ಕೆ ಕೊಟ್ಟು ನೀನು ಬಾವಿಗೆ ಬಿದ್ದ ಕೊಡಪಾನ ತೆಗೆಸಿದ್ದು, ಆಮೇಲೆ ನಿನ್ನ ವೋಟು ಮೂಡಬಿದ್ರೆಯಲ್ಲಿ ಅಂತ ಹೇಳಿ ಅವರನ್ನು ಕಳಿಸಿದ್ದು. ಈ ರೂಮಿನವರಿಗೆಲ್ಲ ಗೊತ್ತುಂಟು. ಶುಕ್ರವಾರ ಆದ್ರೆ ಅವರೇ ಕೇಳ್ತಾರೆ, ಈ ವಾರ ಜುಲೈಕಾ ಎಂತ ಮಾಡಿದಳು ಅಂತ. ನಿನ್ನ ಕಿವಿಗೆ ಬಿದ್ರೆ ಬೈತಿ ಅಂತ ಅವಳು ಸ್ವರ ಇಳಿಸುವುದು.' ಅಷ್ಟು ಉದ್ದದ ಮಾತು ಆಡಿ ಅವನಿಗೇ ಆಯಾಸವಾಯಿತು. 'ನೀನು ಎಂತದೂ ಹೇಳುವುದಿಲ್ಲವಲ್ಲ. ಅದಕ್ಕೆ ಅವಳನ್ನು ಕೇಳಿದ್ದು.'

ಜುಲೈಕಾಳಿಗೆ ಆ ತನಕ ಎಷ್ಟೋ ಜನರ ಮೇಲೆ ಹೊಟ್ಟೆಕಿಚ್ಚಾಗಿತ್ತು. ತಂಗಿಯ ಮೇಲೆ, ನೆರೆಯ ಬಾವಿಯ ಮೇಲೆ, ಶಹಲಾಳ ಮೇಲೆ. ಈಗ ದಮ್ಮಾಮಿನ ಆ ರೂಮಿನಲ್ಲಿ ವಾಸವಾಗಿದ್ದ ಇನ್ನೊಬ್ಬ ಜುಲೈಕಾಳ ಮೇಲೆ ಆಯಿತು. ಆ ಹೆಂಗಸು ಎಷ್ಟು ತಮಾಷೆಯವಳು. ಅವಳ ಸುದ್ದಿಗೆ ಗಂಡ ವಾರವಿಡೀ ಕಾಯುತ್ತಾನೆ. ಈ ಕುರ್ಚಿಯಲ್ಲಿ ಕೂತವಳಿಗೆ ಮಾತ್ರ ಗ್ಯಾಸಿನ ವಿಷಯ ಬಿಟ್ಟು ಬೇರೆ ಬಾಯಿಲ್ಲ. ತಾನೂ ಹೇಳಿ ನೋಡುವ ಎಂದುಕೊಂಡಳು.

'ನಿನ್ನೆ ಈ ರೂಟರಿಗೆ ಪಿನ್ನು ಚುಚ್ಚಿದೆ' ಎಂದಳು.

'ಯಾಕೆ?'

'ಹಾಗೇ.'

'ಹೂಂ' ಎಂದ ಉಮ್ಮರ್. ಕಥೆ ಅಲ್ಲಿಗೇ ಸತ್ತಿತು. ಅವನು ಪಾಪ, ಇನ್ನೂ ಏನಾದರೂ ಬರಬಹುದೆಂದು ಕಾಯುತ್ತಿದ್ದ.

ಜುಲೈಕಾ ಎದ್ದಳು. ಹೊಟ್ಟೆ ಉರಿಯುತ್ತಲೇ ಇತ್ತು. ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದು, ಇನ್ನೊಂದು ಕುರ್ಚಿ ತಂದು ಪರದೆಯ ಮುಂದೆ ಇಟ್ಟಳು. ಗೋಡೆಯ ಹತ್ತಿರ ಹೋಗಿ ತಲೆ ಎತ್ತಿ ಕರೆದಳು.

'ಶಹಲಾ, ಒಮ್ಮೆ ಇಲ್ಲಿ ಬಾ. ನಾನು ಪಿನ್ನು ಚುಚ್ಚಿದ್ದನ್ನು ಇವರಿಗೆ ಹೇಳು. ನನಗೆ ಹೇಳಲಿಕ್ಕೆ ಬರುವುದಿಲ್ಲ.'