ಆವಿಯಲ್ಲಿ ಉಪ್ಪು ನೋಡುವುದು

ಉಪ್ಪಿಗೆ ವಾಸನೆ ಇಲ್ಲ ಎಂದು ನಾನು ಮಿಡ್ಲ್ ಸ್ಕೂಲಿನಲ್ಲಿ ಓದಿದ್ದೆ. ಓದಿದ್ದನ್ನು ಮದುವೆಯಾದ ಹದಿನೈದನೇ ದಿನಕ್ಕೆ ಅತ್ತೆಯ ಮುಂದೆ ಹೇಳಿಯೂ ಬಿಟ್ಟೆ. ಅವರು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮಡಕೆಯ ಮುಚ್ಚಳ ಸರಿಸಿ, ಏಳುವ ಆವಿಗೆ ಮುಖ ಒಡ್ಡಿ, ಒಂದೇ ಸಲ ಉಸಿರೆಳೆದುಕೊಂಡು, ಇನ್ನು ನಾಲ್ಕು ಕಲ್ಲು ಉಪ್ಪು ಹಾಕಿ ಮುಚ್ಚಿದ್ದರು. ನನ್ನ ಮಾತಿಗೆ ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

"ಇಸ್ಕೂಲ್ನಲ್ಲಿ ಸಾರ್ ಕಾಯ್ಸ್ತಿದ್ರಾ ಕೂಸು?" ಎಂದು ಕೇಳಿದರು, ಅಷ್ಟೇ.

ಇದು ಐವತ್ತರ ದಶಕದ ಮಾತು. ನಾನು ಚಾಮರಾಜನಗರದ ಪೇಟೆಯಲ್ಲಿ ಬೆಳೆದವಳು, ಅಪ್ಪ ಕಚೇರಿಯ ಗುಮಾಸ್ತರು. ತೆರಕಣಾಂಬಿಯಲ್ಲಿ ಬಸ್ಸಿಳಿದು ಎತ್ತಿನ ಗಾಡಿಯಲ್ಲಿ ಒಂದು ಗಂಟೆ ಹೋದರೆ ಸಿಗುವ ಹಳ್ಳಿಯ ಒಕ್ಕಲು ಮನೆಗೆ ನನ್ನನ್ನು ಕೊಟ್ಟಿದ್ದರು. ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ. ನಾಲ್ಕನೆಯವಳು ನಾನು. ಓದಿದ ಸೊಸೆ ಎಂದು ಊರವರು ಅನ್ನುತ್ತಿದ್ದರು. ಅದು ನನ್ನ ತಲೆಗೂ ಸ್ವಲ್ಪ ಏರಿತ್ತು.

ಎರಡು ಮನೆಗಳ ನಡವಳಿಕೆಯಲ್ಲಿ ಒಂದು ಮಾತ್ರ ಬದಲಾಗಲಿಲ್ಲ. ಬೇಯುವ ಅಡುಗೆಯ ರುಚಿ ನೋಡುವಂತಿರಲಿಲ್ಲ. ಮಾವ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಅಡುಗೆಯನ್ನು ಲಿಂಗಕ್ಕೆ ಅರ್ಪಿಸಿದ ಮೇಲೆಯೇ ಅದು ನಮ್ಮ ಬಾಯಿಗೆ. ಅದಕ್ಕೆ ಮೊದಲು ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೂ ಇಡೀ ಮಡಕೆ ಎಂಜಲು. ಅರ್ಪಿಸಿದ ಮೇಲೆ ಅದು ಪ್ರಸಾದ. ಪ್ರಸಾದಕ್ಕೆ ಉಪ್ಪು ಹೆಚ್ಚು, ಖಾರ ಕಮ್ಮಿ ಎಂದು ಹೆಸರಿಡುವುದು ಪಾಪ, ತಟ್ಟೆಯಲ್ಲಿ ಬಿಡುವುದು ಇನ್ನೂ ದೊಡ್ಡ ಪಾಪ. ಹೀಗೆ ಮೊದಲು ನೋಡುವ ಹಾಗಿಲ್ಲ, ಆಮೇಲೆ ಯಾರೂ ಹೇಳುವ ಹಾಗೂ ಇಲ್ಲ. ಬೇಯಿಸುವ ಹೆಂಗಸಿನ ಕಷ್ಟ ಕೇಳುವವರು ಯಾರು?

ನನ್ನ ತಾಯಿ ಇದನ್ನು ಅಳತೆಯಿಂದ ನಿಭಾಯಿಸುತ್ತಿದ್ದಳು. ಇಷ್ಟು ಬೇಳೆಗೆ ಇಷ್ಟು ಚಮಚ ಉಪ್ಪು, ಮುಗಿಯಿತು. ಅತ್ತೆಯ ಒಲೆಯ ಮುಂದೆ ಅಳತೆ ಸೋತುಹೋಗುತ್ತಿತ್ತು, ಏಕೆಂದರೆ ಅಲ್ಲಿ ನಿನ್ನೆಯ ಹಾಗೆ ಇವತ್ತು ಏನೂ ಇರುತ್ತಿರಲಿಲ್ಲ. ಬೆಳಿಗ್ಗೆ ಹೊಲಕ್ಕೆ ಹೋದ ಅತ್ತೆ ಬರುವಾಗ ಮಡಿಲ ತುಂಬ ಬೆರಕೆ ಸೊಪ್ಪು ತರುತ್ತಿದ್ದರು. ಅಣ್ಣೆ, ಗಣಿಕೆ, ಕಿರಕಸಾಲೆ, ಗೋಣಿ, ಕುಂಬಳದ ಕುಡಿ, ಇನ್ನೂ ನನಗೆ ಹೆಸರು ಗೊತ್ತಿಲ್ಲದ ಏಳೆಂಟು. ನನ್ನ ಕಣ್ಣಿಗೆ ಎಲ್ಲವೂ ಹಸಿರು. ಅವರು ಜಗಲಿಯ ಮೇಲೆ ಸುರಿದುಕೊಂಡು, ಮಾತಾಡುತ್ತಲೇ, ಕಣ್ಣು ಬೀದಿಯ ಮೇಲಿಟ್ಟುಕೊಂಡೇ, ಬೆರಳಲ್ಲಿ ಒಂದೊಂದನ್ನೂ ಬೇರೆ ಮಾಡುತ್ತಿದ್ದರು. ಬಲಿತದ್ದು ಎತ್ತಿಗೆ, ಎಳೆಯದು ಮಡಕೆಗೆ. ಮಳೆಯಾದ ಮೂರನೇ ದಿನದ ಸೊಪ್ಪು ಸಪ್ಪೆ, ಬಿಸಿಲಿಗೆ ನಿಂತದ್ದು ಒಗರು, ಗೋಣಿ ಸೊಪ್ಪಿನಲ್ಲಿ ಅದರದ್ದೇ ಒಂದಿಷ್ಟು ಉಪ್ಪು ಇರುತ್ತದೆ ಎಂದು ಆಮೇಲೆ ಕಲಿತೆ.

ಕಲಿಯುವ ಮೊದಲು ಮರ್ಯಾದೆ ಕಳೆದುಕೊಂಡೆ. ಅತ್ತೆ ಇಲ್ಲದ ಒಂದು ದಿನ ಸೊಪ್ಪಿನ ಸಾರು ನಾನೇ ಮಾಡಿದೆ. ಮೊರದ ತುಂಬ ರಾಶಿ ಬಿದ್ದಿದ್ದ ಹಸಿ ಸೊಪ್ಪನ್ನು ನೋಡಿ ಅದಕ್ಕೆ ತಕ್ಕಂತೆ ಉಪ್ಪು ಹಾಕಿದೆ. ಮಾವ ಊಟ ಮಾಡಿ, ಎರಡು ಲೋಟ ಮಜ್ಜಿಗೆ ಕುಡಿದು, ಏನೂ ಹೇಳದೆ ಎದ್ದರು. ಗಂಡ ಒಂದು ಚೊಂಬು ನೀರು ಖಾಲಿ ಮಾಡಿ ಹಿತ್ತಲಿಗೆ ಹೋದ. ಕೊನೆಗೆ ನಾನು ಮುದ್ದೆ ಅದ್ದಿ ಬಾಯಿಗಿಟ್ಟರೆ ನಾಲಗೆ ಸುಟ್ಟಂತಾಯಿತು. ಅತ್ತೆ ಸಂಜೆ ಬಂದು, ಮಡಕೆಯ ತಳ ಮೂಸಿ, "ಸೊಪ್ಪು ನೋಡಕ ಬೆಟ್ಟ, ಬೆಂದ್ರ ಬೊಗಸ. ಬೆಟ್ಟಕ್ಕ ಆಕ್ಬುಟ್ಟಿದ್ದೀಯ ಕೂಸು" ಎಂದರು.

ಖಾಲಿ ಮಡಕೆ ಮೂಸಿ ಹೇಳಿದ್ದು ನನಗೆ ಸಹಿಸಲಾಗಲಿಲ್ಲ. ಯಾರೋ ಹೇಳಿಕೊಟ್ಟಿರಬೇಕು ಎಂದುಕೊಂಡೆ. ಅವರನ್ನು ಪರೀಕ್ಷೆ ಮಾಡುವ ಕೆಟ್ಟ ಬುದ್ಧಿ ಬಂತು. ಮಾರನೆಯ ದಿನ ಅವರು ಕುದಿಯುವ ಸಾರಿಗೆ ಉಪ್ಪು ಹಾಕಿ ಹಿತ್ತಲಿಗೆ ಹೋದಾಗ ನಾನು ಇನ್ನೊಂದು ಚಿಟಿಕೆ ಸೇರಿಸಿ ತಿರುವಿ ಮುಚ್ಚಿದೆ. ಅವರು ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಹೊಸ್ತಿಲ ಮೇಲೆ ನಿಂತರು. ಒಲೆಯ ಹತ್ತಿರಕ್ಕೂ ಬರಲಿಲ್ಲ.

"ಯಾರ್ ಆಕುದ್ರು ಉಪ್ಪ?"

ಅವರು ಬೈಯದೆ ಇನ್ನೊಂದು ಹಿಡಿ ಸೊಪ್ಪು ತೊಳೆದು ಹಾಕಿ ಸರಿ ಮಾಡಿದರು. ಆವತ್ತಿನಿಂದ ನಾನು ಸ್ಕೂಲಿನ ಮಾತು ಎತ್ತಲಿಲ್ಲ. ಅವರು ಅಡುಗೆ ಮಾಡುವಾಗ ಪಕ್ಕದಲ್ಲಿ ಕೂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಆ ಮೂಗು ನಮ್ಮ ಮನೆಯ ಆಸ್ತಿ ಮಾತ್ರ ಆಗಿರಲಿಲ್ಲ. ಊರಲ್ಲಿ ಮದುವೆಯಾಗಲಿ, ಕಣದಲ್ಲಿ ರಾಶಿ ಪೂಜೆಯಾಗಲಿ, ಹಂಡೆ ಕುದಿ ಬಂದ ಕೂಡಲೇ ಯಾರಾದರೂ ಓಡಿ ಬರುತ್ತಿದ್ದರು, "ದೊಡ್ಡವ್ವ, ಉಪ್ಪು ನೋಡ್ಬೇಕಂತ ಬನ್ನಿ" ಎಂದು. ಅವರು ಸೀರೆ ಬದಲಿಸಿಕೊಂಡು ಹೋಗಿ, ಆವಿಗೆ ಮುಖ ಕೊಟ್ಟು, ಎಷ್ಟು ಹಿಡಿ ಎಂದು ಹೇಳಿ ಬರುತ್ತಿದ್ದರು. ಅವರಿಗೆ ಓದು ಬರಹ ಇರಲಿಲ್ಲ. ಮೈಮೇಲೆ ಒಡವೆಯೂ ಅಷ್ಟಕ್ಕಷ್ಟೆ. ಊರಿನಲ್ಲಿ ಅವರ ಹೆಸರು ನಿಂತಿದ್ದದ್ದು ಇದೊಂದರ ಮೇಲೆ. ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಅವರೆಕಾಯಿ ಸುಗ್ಗಿಗೆ ಸರಿಯಾಗಿ ಊರಿಗೆಲ್ಲ ಜ್ವರ ಬಂತು. ಅತ್ತೆ ಎಂಟು ದಿನ ಮಲಗಿದರು. ಒಂಬತ್ತನೆಯ ದಿನ ಎದ್ದು, ತಲೆಗೆ ನೀರು ಹಾಕಿಕೊಂಡು, ಒಲೆಯ ಮುಂದೆ ಕೂತರು. ಹೊಸ ಅವರೆಕಾಳಿನ ಸಾರು. ಮಾವ ಮಜ್ಜಿಗೆ ಕೇಳಿದರು. ಗಂಡ ಚೊಂಬು ಎತ್ತಿದ. ನನ್ನ ಸಾರಿನ ದಿನ ನಡೆದದ್ದೇ ನಡೆಯಿತು, ಯಾರೂ ಏನೂ ಅನ್ನಲಿಲ್ಲ. ಮಾರನೆಯ ದಿನದ ಸಾರು ಸಪ್ಪೆ. ಜ್ವರದ ನಿತ್ರಾಣ ಎಂದುಕೊಂಡೆ.

ಮೂರನೆಯ ದಿನ ನಾನು ಅಂಗಳ ಗುಡಿಸುತ್ತಿದ್ದೆ. ಹಾಲು ಸೀದ ವಾಸನೆ ಬೀದಿಯವರೆಗೂ ಬಂತು. ಪೊರಕೆ ಬಿಸಾಕಿ ಒಳಗೆ ಓಡಿದೆ. ಅತ್ತೆ ಒಲೆಗೆ ಬೆನ್ನು ಮಾಡಿ, ಮೊಳದಷ್ಟು ದೂರದಲ್ಲಿ, ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅವರ ಹಿಂದೆ ಹಾಲು ಉಕ್ಕಿ, ತಳ ಹತ್ತಿ, ಹೊಗೆ ಏಳುತ್ತಿತ್ತು. ನಾನು ಪಾತ್ರೆ ಇಳಿಸಿದ ಮೇಲೆಯೇ ಅವರು ತಿರುಗಿ ನೋಡಿದ್ದು.

ಆಮೇಲೆ ಅವರು ಕೈಯಲ್ಲಿದ್ದ ಅವರೆಕಾಯಿಯನ್ನು ಮುರಿದು ಮೂಗಿಗೆ ಹಿಡಿದರು. ಚಳಿಗಾಲದ ಸೊಗಡವರೆ ಅದು. ಮುಟ್ಟಿದ ಕೈ ಮೂರು ಸಲ ತೊಳೆದರೂ ಅದರ ಸೊಗಡು ಹೋಗುವುದಿಲ್ಲ.

"ಮೂಗು ಸತ್ತೋಗದ ಕೂಸು" ಎಂದರು. "ಜರ ಬುಟ್ಟೋಗುವಾಗ ಅದ್ನೂ ತಕ್ಕಂಡು ಓಯ್ತು. ನಿಮ್ಮಾವುಂಗ ಏಳ್ಬೇಡ."

ಅವರ ಭಯ ಏನೆಂದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಹತ್ತು ದಿನಕ್ಕೆ ನಮ್ಮ ಕಣದಲ್ಲೇ ರಾಗಿ ರಾಶಿಯ ಪೂಜೆ ಇತ್ತು. ಒಕ್ಕಣೆಗೆ ಕೈ ಹಾಕಿದವರು, ಅಕ್ಕಪಕ್ಕದ ಹೊಲದವರು, ಎಲ್ಲ ಸೇರಿ ಐವತ್ತು ಎಲೆಯ ಊಟ. ಹಂಡೆಯ ಸುತ್ತ ಊರ ಹೆಂಗಸರೆಲ್ಲ ನಿಂತಿರುತ್ತಾರೆ. ತನ್ನ ಮನೆಯ ರಾಶಿಗೆ ಇಡುವ ಎಡೆಯಲ್ಲೇ ಉಪ್ಪು ತಪ್ಪಿದರೆ ಅವರು ಇನ್ನು ಯಾರ ಹಂಡೆಯ ಮುಂದೆ ತಲೆ ಎತ್ತಿ ನಿಲ್ಲಬೇಕು?

"ಅಷ್ಟರಲ್ಲಿ ನಿನ್ ಮೂಗ ಹದ ಮಾಡನ" ಎಂದರು.

ಗುಟ್ಟಾಗಿ ಪಾಠ ಶುರುವಾಯಿತು. "ಉಪ್ಪಿಗ ವಾಸ್ನ ಇಲ್ಲ ಅಂದಲ್ಲ, ಅದು ದಿಟವೇ ಕಣಮ್ಮಿ. ಉಪ್ಪ ಮೂಸ್ಬೇಡ, ಸಾರ ಮೂಸು. ಉಪ್ಪು ಸಾಲ್ದಾಗ ಹಸಿ ವಾಸ್ನ ಬಾಯ್ ಬುಟ್ಕಂಡಿರ್ತದ. ಸಾಕಾದೇಟ್ಗೆ ಬಾಯ್ ಮುಚ್ಕತದ." ನಾನು ದಿನಕ್ಕೆರಡು ಸಲ ಆವಿಗೆ ಮುಖ ಒಡ್ಡಿದೆ. ಮೂಗು ನೆನೆಯಿತು, ಕಣ್ಣು ಉರಿಯಿತು, ಬಾಯಿ ಬಿಟ್ಟಿದ್ದೂ ತಿಳಿಯಲಿಲ್ಲ, ಮುಚ್ಚಿದ್ದೂ ತಿಳಿಯಲಿಲ್ಲ. ಐದನೆಯ ದಿನ ಸಾಕಾಗಿಹೋಗಿ, ಅವರು ಆಚೆ ಹೋದಾಗ, ಸೌಟಿನ ತುದಿಗೆ ನಾಲಗೆ ತಾಗಿಸಿಬಿಟ್ಟೆ. ಅವರು ಒಳಗೆ ಬಂದ ಮೇಲೆ "ಉಪ್ಪು ಸರಿಯಾಗಿದೆ ಅತ್ತೆ" ಎಂದು ಗಟ್ಟಿಯಾಗಿ ಹೇಳಿದೆ. ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು. ಅವರು ನನ್ನ ಮುಖ ನೋಡಿದರು. ಮಡಕೆ ಇಳಿಸಿ, ಅಷ್ಟೂ ಸಾರನ್ನು ದನದ ಕಲಗಚ್ಚಿನ ಬಾನಿಗೆ ಸುರಿದು, ಮಡಕೆ ತೊಳೆದು, ಮತ್ತೆ ಕಾಳು ಬೇಯಲಿಟ್ಟರು. ಅವರು ಬೈದಿದ್ದರೆ ನಾನು ಅಷ್ಟು ಅಳುತ್ತಿರಲಿಲ್ಲ.

ಎಂಟನೆಯ ದಿನ ಅದು ನನಗೆ ಸಿಕ್ಕಿತು. ಬೆರಕೆ ಸೊಪ್ಪು ಕುದಿಯುತ್ತಿತ್ತು. ಅತ್ತೆ ನನ್ನ ಕೈಗೆ ಉಪ್ಪು ಕೊಟ್ಟು ಸ್ವಲ್ಪ ಸ್ವಲ್ಪವೇ ಹಾಕಲು ಹೇಳಿದ್ದರು. ಮೊದಲ ಚಿಟಿಕೆಗೆ ಗಣಿಕೆಯ ಕಹಿ ಬೇರೆ, ಅಣ್ಣೆಯ ಮಣ್ಣು ಬೇರೆ, ಕುಂಬಳದ ಕುಡಿ ಬೇರೆ, ಎಲ್ಲ ಬೇರೆ ಬೇರೆಯಾಗಿ ಮೂಗಿಗೆ ಬರುತ್ತಿದ್ದವು. ಇನ್ನೊಂದು ಚಿಟಿಕೆಗೂ ಹಾಗೆಯೇ. ಮೂರನೆಯದಕ್ಕೆ ಅವೆಲ್ಲ ಒಟ್ಟಾದವು. ಹಸಿ ವಾಸನೆ ಇದ್ದಕ್ಕಿದ್ದಂತೆ ಹಿಂದೆ ಸರಿದು, ಸಾರು ಎಂಬ ಒಂದೇ ವಾಸನೆ ಎದ್ದಿತು. ನಾನು ಉಸಿರು ಬಿಡುವುದನ್ನೇ ಮರೆತೆ. ಹದಿನೆಂಟು ವರ್ಷ ದಿನಕ್ಕೆರಡು ಹೊತ್ತು ಉಂಡಿದ್ದೆ, ಒಲೆಯ ಮೇಲೆ ಇಂಥದ್ದೊಂದು ನಡೆಯುತ್ತದೆ ಎಂದು ಗೊತ್ತೇ ಇರಲಿಲ್ಲ. ಅಂದು ನನಗೆ ದೇವರ ಮನೆಗಿಂತ ಅಡುಗೆ ಮನೆಯಲ್ಲೇ ಹೆಚ್ಚು ಭಕ್ತಿ ಬಂತು ಎಂದರೆ ತಪ್ಪು ತಿಳಿಯಬಾರದು. "ಮುಚ್ಕತ್ತಾ?" ಎಂದು ಅತ್ತೆ ಕೇಳಿದರು. ನಾನು ತಲೆಯಾಡಿಸಿದೆ. ಅವರಿಗೆ ಅದು ಇನ್ನು ಸಿಗುವುದಿಲ್ಲ ಎಂದು ನೆನಪಾಗಿ ಸಂತೋಷವೆಲ್ಲ ಇಳಿದುಹೋಯಿತು.

ಪೂಜೆಯ ಹಿಂದಿನ ದಿನ ಒಂದು ಸನ್ನೆ ಗೊತ್ತು ಮಾಡಿಕೊಂಡೆವು. ಹಂಡೆಗೆ ಮುಖ ಒಡ್ಡುವುದು ಅವರೇ. ನಾನು ಉರಿ ನೋಡುವ ನೆಪದಲ್ಲಿ ಪಕ್ಕದಲ್ಲಿ ಬಗ್ಗಿ ಮೂಸಬೇಕು. ಉಪ್ಪು ಸಾಲದಿದ್ದರೆ ಒಲೆಗೆ ಒಂದು ಸೌದೆ ನೂಕುವುದು, ಸಾಕಾಗಿದ್ದರೆ ಒಂದು ಸೌದೆ ಹೊರಕ್ಕೆಳೆಯುವುದು. ಯಾರಿಗೂ ಗೊತ್ತಾಗುವಂತಿರಲಿಲ್ಲ.

ಮಧ್ಯಾಹ್ನ ಕಣದಲ್ಲಿ ರಾಗಿ ರಾಶಿ ಕೂತಿತ್ತು. ಅದರ ನೆತ್ತಿಗೆ ಸಗಣಿಯಲ್ಲಿ ಮಾಡಿದ ಗಣಪ, ಬೆನವ, ಅದಕ್ಕೆ ಗರಿಕೆ. ಮಾವ ಪೂಜೆಗೆ ಅಣಿ ಮಾಡುತ್ತಿದ್ದರು. ಮೂರು ಕಲ್ಲಿನ ಮೇಲೆ ಹಂಡೆ, ಅದರಲ್ಲಿ ಅವರೆಕಾಳು, ಬೆರಕೆ ಸೊಪ್ಪು. ಸುತ್ತ ಹತ್ತು ಹನ್ನೆರಡು ಹೆಂಗಸರು. ಅತ್ತೆ ಬಂದರು, ಉಪ್ಪು ಹಾಕಿದರು, ಎಂದಿನಂತೆ ಬಗ್ಗಿದರು. ನಾನೂ ಬಗ್ಗಿದೆ. ಸೌದೆಯ ಹೊಗೆ, ಹೊಟ್ಟಿನ ಧೂಳು, ಬಯಲ ಗಾಳಿ. ಮನೆಯ ಮಡಕೆಯಲ್ಲಿ ಸಿಕ್ಕಿದ್ದು ಇಲ್ಲಿ ಬಂದು ಬಂದು ತಪ್ಪಿಸಿಕೊಳ್ಳುತ್ತಿತ್ತು. ನನ್ನ ಕೈ ಸೌದೆಯ ಮೇಲೆ ಹಾಗೇ ನಿಂತಿತು. ನೂಕಲೋ, ಎಳೆಯಲೋ? ಅತ್ತೆ ಕಾದರು. ಹೆಂಗಸರೂ ಕಾದರು.

ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತರು.

"ನಂಗ ಮೂಗು ಸತ್ತೋಗದ ಕಣ್ರವ್ವ" ಎಂದರು, ಎಲ್ಲರಿಗೂ ಕೇಳುವ ಹಾಗೆ. "ಜರ ಬಂದಾಗಿಂದ ಒಂದೂ ಗೊತ್ತಾಗಲ್ಲ. ಇನ್ಮೇಲ ನಮ್ ಕೂಸ್ನ ಕೇಳಿ. ಅವ್ಳು ಬಲ್ಲಳು."

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನನಗೆ ಓಡಿಹೋಗಬೇಕು ಎನಿಸಿತು. ಆದರೆ ಇನ್ನು ಸನ್ನೆಯ ಹಂಗಿರಲಿಲ್ಲ, ಉರಿ ನೋಡುವ ನೆಪವೂ ಬೇಕಿರಲಿಲ್ಲ. ಗಾಳಿಗೆ ಸೆರಗು ಅಡ್ಡ ಹಿಡಿದು, ಹಂಡೆಯ ಮೇಲೆ ಪೂರ್ತಿ ಬಗ್ಗಿ, ಕಣ್ಣು ಮುಚ್ಚಿ ಉಸಿರೆಳೆದೆ. ಸೊಗಡು ಇನ್ನೂ ಬಾಯಿ ಬಿಟ್ಟುಕೊಂಡೇ ಇತ್ತು. "ಇನ್ನೆರಡು ಹಿಡಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅತ್ತೆ ಮರುಮಾತಾಡದೆ ಎರಡು ಹಿಡಿ ಹಾಕಿ ತಿರುವಿದರು.

ಎಡೆಯಾಯಿತು, ಗಂಡಸರ ಪಂಕ್ತಿ ಕೂತಿತು. ಪ್ರಸಾದ ಹೇಗಿತ್ತು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಯಾರ್ಯಾರು ನೀರು ಕೇಳುತ್ತಾರೆ ಎಂದು ನಾನು ಪಂಕ್ತಿಯುದ್ದಕ್ಕೂ ಕಳ್ಳಿಯಂತೆ ನೋಡುತ್ತಿದ್ದೆ. ಹೆಂಗಸರ ಎಲೆ ಹಾಕುವಾಗ ಅತ್ತೆಯನ್ನು ಮೆಲ್ಲಗೆ ಕೇಳಿದೆ, "ಯಾಕೆ ಹೇಳಿಬಿಟ್ಟಿರಿ ಅತ್ತೆ?"

"ಇನ್ನೊಬ್ರ ಮೂಗ್ನಲ್ಲಿ ಎಷ್ಟ್ ದಿನ ಉಸ್ರಾಡನ ಕೂಸು?" ಎಂದರು.

ಅವರು ನನ್ನ ಪಕ್ಕದಲ್ಲೇ ಕೂತರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟುಕೊಂಡರು. ನಾನು ತುತ್ತೆತ್ತದೆ ಅವರ ಮುಖವನ್ನೇ ನೋಡಿದೆ. ಆ ಸಾರಿನಲ್ಲಿ ಚಳಿಗಾಲದ ಸೊಗಡೆಲ್ಲ ಇತ್ತು, ಒಗ್ಗರಣೆಯ ಬೆಳ್ಳುಳ್ಳಿ ಇತ್ತು, ಹೊಲದ ಹತ್ತು ಬಗೆಯ ಹಸಿರಿತ್ತು. ಅದರಲ್ಲಿ ಒಂದೂ ಅವರಿಗೆ ತಲುಪುವ ಹಾಗಿರಲಿಲ್ಲ. ಅವರ ನಾಲಗೆಗೆ ಉಳಿದಿದ್ದದ್ದು ಖಾರದ ಚುರುಕು, ಮತ್ತೆ ನಾನು ಹೇಳಿ ಹಾಕಿಸಿದ ಉಪ್ಪು. ಅವರು ಎರಡನೆಯ ತುತ್ತು ನುಂಗಿದರು, ಮೂರನೆಯದು ನುಂಗಿದರು. ಆಮೇಲೆ ಬಡಿಸುವವಳ ಕಡೆ ತಲೆಯೆತ್ತಿ, "ಇನ್ನೊಂದ್ ಸೌಟ್ ಬುಡವ್ವ" ಎಂದರು.